ಸುಳ್ಳು ಇರುವುದು ಕಲ್ಲಿನಲ್ಲೋ, ಮಾತಿನಲ್ಲೋ?

ಮನೆಯ ಮೂಲೆಯಲ್ಲಿ ಗಾಜಿನ ಜಾಡಿಗಳನ್ನಿಟ್ಟುಕೊಂಡು ರತ್ನ ಬೆಳೆಸುವ ಹವ್ಯಾಸವೊಂದಿದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಆ ರತ್ನದ ಹೆಸರು ಓಪಲ್. ಕಾಮನಬಿಲ್ಲಿನ ಬಣ್ಣಗಳನ್ನೆಲ್ಲ ತನ್ನೊಳಗೆ ಹೊತ್ತ ಕಲ್ಲು ಅದು. ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ ಜನರು 1915ರಿಂದ ಇದಕ್ಕಾಗಿ ನೆಲ ಅಗೆಯುತ್ತಿದ್ದಾರೆ. ಅಲ್ಲಿನ ಬಿಸಿಲ ಬೇಗೆಗೆ ಎಷ್ಟೋ ಮಂದಿ ಮನೆಗಳನ್ನೂ ನೆಲದಡಿಯಲ್ಲೇ ಕೊರೆದುಕೊಂಡಿದ್ದಾರೆ. ಸಂತ ಪೇತ್ರ ಮತ್ತು ಪೌಲರ ಹೆಸರಿನ ಕಥೋಲಿಕ ದೇವಾಲಯವೂ ನೆಲದೊಳಗೇ ಇದೆ. ಇಷ್ಟು ಬೆವರು ಸುರಿಸಿ ಪಡೆಯುವ ಕಲ್ಲನ್ನು ಜಾಡಿಯಲ್ಲಿ ತಯಾರಿಸುವುದು ಸರಿಯೇ? ಅದು ಮೋಸವಲ್ಲವೇ? ದೇವರ ಕೆಲಸಕ್ಕೆ ಮನುಷ್ಯ ಕೈ ಹಾಕಿದಂತಲ್ಲವೇ?

ಮೊದಲು ಕಲ್ಲನ್ನು ಅರಿಯೋಣ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ ಓಪಲಿನ ಗುಟ್ಟು ತಿಳಿಯಿತು. ಅದರೊಳಗೆ ಸಿಲಿಕಾದ ಅತಿ ಸಣ್ಣ ಗುಂಡುಗಳು, ಅಂಗಡಿಯಲ್ಲಿ ಪೇರಿಸಿಟ್ಟ ಕಿತ್ತಳೆ ಹಣ್ಣುಗಳಂತೆ, ಸಾಲುಸಾಲಾಗಿ ಕೂತಿರುತ್ತವೆ. ಒಂದು ಮಿಲಿಮೀಟರನ್ನು ಹತ್ತು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಮೂರು ಭಾಗದಷ್ಟೇ ಒಂದೊಂದರ ಗಾತ್ರ. ಆ ಸಾಲುಗಳಿಗೆ ತಾಗಿದ ಬೆಳಕೇ ಬಣ್ಣಬಣ್ಣವಾಗಿ ಒಡೆದು ಕಾಣುತ್ತದೆ. ಇದನ್ನರಿತ ಮೇಲೆ ಮಾಡುವ ದಾರಿಯೂ ತೆರೆಯಿತು. 1974ರಲ್ಲಿ ಪಿಯೆರ್ ಗಿಲ್ಸನ್ ಎಂಬವರು ತಯಾರಿಸಿದ ಓಪಲ್ ಮಾರುಕಟ್ಟೆಗೆ ಬಂತು. ಲೈಟ್ನಿಂಗ್ ರಿಡ್ಜಿನ ಲೆನ್ ಕ್ರಾಮ್ ಗಾಜಿನ ಜಾಡಿಗಳಲ್ಲೇ ಓಪಲ್ ಬೆಳೆಸಿ ಹೆಸರಾದರು.

ಹವ್ಯಾಸಿಗಳು ಸಿಲಿಕಾದ ಸಂಯುಕ್ತವೊಂದನ್ನು ಆಲ್ಕೋಹಾಲ್, ನೀರು, ಅಮೋನಿಯಾಗಳೊಡನೆ ಬೆರೆಸುತ್ತಾರೆ. ಗುಂಡುಗಳು ತಾವಾಗಿಯೇ ಮೂಡುತ್ತವೆ. ಆಮೇಲಿನ ಕೆಲಸವೆಲ್ಲ ಕಾಯುವುದೇ. ಗುಂಡುಗಳು ತಳಕ್ಕಿಳಿದು ಸಾಲುಗಟ್ಟಲು ವಾರಗಳು, ತಿಂಗಳುಗಳು ಬೇಕು. ಜಾಡಿ ಅಲುಗಿದರೆ ಸಾಲು ಕೆಡುತ್ತದೆ. ಅವಸರದಿಂದ ಒಣಗಿಸಿದರೆ ಬಿರುಕು ಬಿಡುತ್ತದೆ. ಇಲ್ಲಿ ಅಹಂಕಾರಕ್ಕೆ ಜಾಗವೆಲ್ಲಿ? ಒಂದು ಗುಂಡನ್ನೂ ಮನುಷ್ಯ ಕೈಯಿಂದ ಹಿಡಿದು ಕೂರಿಸಲಾರ. ಸೃಷ್ಟಿಕರ್ತನು ಆ ವಸ್ತುವಿಗಿತ್ತ ಸ್ವಭಾವಕ್ಕೆ ಅನುವು ಮಾಡಿಕೊಟ್ಟು ತಾನು ಕೈಕಟ್ಟಿ ಕಾಯುತ್ತಾನೆ. ರೈತ ಬೀಜ ಬಿತ್ತಿ ಕಾಯುವುದಿಲ್ಲವೇ?

ಇನ್ನು ಮೋಸದ ಪ್ರಶ್ನೆ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ವ್ಯಾಪಾರದ ವಂಚನೆಯನ್ನು ಕುರಿತು ಬರೆಯುತ್ತಾ, ರಸವಾದಿಗಳು ಮಾಡುವ ಚಿನ್ನವನ್ನೂ ಚರ್ಚಿಸಿದ್ದಾರೆ. ಚಿನ್ನದ ಗುಣವಿಲ್ಲದ್ದನ್ನು ಚಿನ್ನವೆಂದು ಮಾರುವುದು ವಂಚನೆ. ಆದರೆ ಮನುಷ್ಯನ ಕೌಶಲದಿಂದ ನಿಜವಾದ ಚಿನ್ನವೇ ಉಂಟಾದರೆ ಅದನ್ನು ಚಿನ್ನವೆಂದು ಮಾರುವುದು ತಪ್ಪಲ್ಲ ಎಂಬುದು ಅವರ ತೀರ್ಮಾನ. ಮನುಷ್ಯ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಯಾವುದೂ ಸುಳ್ಳಾಗುವುದಿಲ್ಲ.

ಹಾಗಾದರೆ ಜಾಡಿಯ ಓಪಲನ್ನು ಸುಮ್ಮನೆ ಓಪಲ್ ಎಂದು ಕೊಟ್ಟುಬಿಡಬಹುದೇ? ಇಲ್ಲ. ಹೀಗೆ ಮಾಡಿದ ಹಲವು ಕಲ್ಲುಗಳಲ್ಲಿ ಗಣಿಯ ಓಪಲಿನಲ್ಲಿರುವ ನೀರಿನ ಅಂಶವಿರುವುದಿಲ್ಲ. ಕೆಲವಕ್ಕೆ ರಾಳ ಸೇರಿಸಿ ಗಟ್ಟಿ ಮಾಡಿರುತ್ತಾರೆ. ಅದಲ್ಲದೆ, ಕೊಳ್ಳುವವನು ಬಣ್ಣಕ್ಕೆ ಮಾತ್ರ ಬೆಲೆ ತೆರುವುದಿಲ್ಲ. ನೆಲದಡಿಯ ದೀರ್ಘ ಕಾಲಕ್ಕೆ, ಅಗೆದವನ ಶ್ರಮಕ್ಕೆ, ಅಪರೂಪಕ್ಕೆ ಬೆಲೆ ತೆರುತ್ತಾನೆ. ಅವನ ನಂಬಿಕೆ ತಪ್ಪೆಂದು ತಿಳಿದೂ ಬಾಯಿ ಮುಚ್ಚಿಕೊಂಡರೆ ಆ ಮೌನವೇ ಸುಳ್ಳು ಸಾಕ್ಷಿ.

ಮಾರದೆ ಉಡುಗೊರೆ ಕೊಟ್ಟರೂ ಮಾತು ಇಷ್ಟೇ. ತಂದೆ ತಾನೇ ಬೆಳೆಸಿದ ಕಲ್ಲನ್ನು ಉಂಗುರಕ್ಕೆ ಕೂರಿಸಿ ಮಗಳ ಮದುವೆಗೆ ಕೊಡುತ್ತಾನೆ ಎನ್ನಿ. ಏನೂ ಹೇಳದೆ ಕೊಟ್ಟರೆ, ಎಂದೋ ಕಷ್ಟಕಾಲದಲ್ಲಿ ಅವಳು ಅದನ್ನು ಅಡವಿಡಲು ಹೋದಾಗ ಸತ್ಯ ಅಪರಿಚಿತನ ಬಾಯಿಂದ ಹೊರಬೀಳುತ್ತದೆ. ಆಗ ಅವಳು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ತಂದೆಯ ಮೇಲಿನ ವಿಶ್ವಾಸವನ್ನು. "ಮಗಳೇ, ಇದು ಗಣಿಯದಲ್ಲ. ಎಂಟು ತಿಂಗಳು ಕಾದು ನಾನೇ ಮಾಡಿದ್ದು" ಎಂದು ಹೇಳಿ ಕೊಟ್ಟರೆ? ಅಂಗಡಿಯವನು ಅದಕ್ಕೆ ಎಷ್ಟೇ ಬೆಲೆ ಕಟ್ಟಲಿ, ಅವಳು ಅದನ್ನು ಜೋಪಾನವಾಗಿಡುತ್ತಾಳೆ.

ಪ್ರಿಯ ಓದುಗರೇ, ಕಲ್ಲಿಗೆ ಸುಳ್ಳು ಹೇಳಲು ಬಾರದು. ಅದನ್ನು ಕೊಡುವಾಗ ನಾವು ಆಡುವ ಮಾತು ನಿಜವಾಗಿರಲಿ.