ಮಣ್ಣಿನ ಗುರು ತಿದ್ದುವುದಿಲ್ಲ

ಏಕಲವ್ಯನ ಕತೆಯನ್ನು ನಾವು ಬಹಳ ಸಲ ಹೇಳಿದ್ದೇವೆ. ಪ್ರತಿ ಸಲವೂ ಹೆಬ್ಬೆರಳಿನ ಹತ್ತಿರ ನಿಂತು ಸಿಟ್ಟಾಗಿದ್ದೇವೆ. ಆ ಸಿಟ್ಟು ನ್ಯಾಯವಾದದ್ದು. ಆದರೆ ಬೆರಳು ಹೋಗುವ ಮೊದಲೇ ಅವನಿಗೆ ಇನ್ನೊಂದು ಅನ್ಯಾಯ ಆಗಿತ್ತು. ಅವನು ಕಲಿತದ್ದು ಮಣ್ಣಿನ ಗೊಂಬೆಯ ಮುಂದೆ. ಆ ಗೊಂಬೆ ಒಂದು ದಿನವಾದರೂ 'ಮೊಣಕೈ ಎತ್ತೋ, ಗುರಿ ತಪ್ತು' ಅನ್ನಲಿಲ್ಲ. ತನ್ನ ತಪ್ಪನ್ನು ತಾನೇ ಹುಡುಕಿ ತಾನೇ ತಿದ್ದಿಕೊಂಡು ಅವನು ಬಿಲ್ಲುಗಾರನಾದ. ಅರ್ಜುನನಿಗೆ ಸಿಕ್ಕಿದ್ದು ಬರೀ ವಿದ್ಯೆಯಲ್ಲ, ತಿದ್ದುವ ಒಂದು ಕೈ. ಏಕಲವ್ಯನಿಗೆ ಇಲ್ಲವೆಂದದ್ದು ಅದನ್ನೇ.

ಎಂ.ಎ. ದಾಟಿ ಪಿಎಚ್.ಡಿ. ಬಾಗಿಲಿಗೆ ಬಂದು ನಿಂತಿರುವ ನಮ್ಮ ಪ್ರಶ್ನೆಯೂ ಇದೇ: ನಮ್ಮನ್ನು ತಿದ್ದುವವರು ಯಾರು?

ಜಯನಗರ, ಜೆ.ಪಿ.ನಗರದ ಓದಿದ ಮನೆಗಳಲ್ಲಿ ಸಿನಾಪ್ಸಿಸ್ ಅಂದರೇನು, ಯಾವ ಪತ್ರಿಕೆಗೆ ಲೇಖನ ಕಳಿಸಬೇಕು, ಯಾರಿಗೆ ಯಾವಾಗ ಕಾಗದ ಬರೆಯಬೇಕು ಎಂಬುದೆಲ್ಲ ಊಟದ ಮಾತು. ಅಲ್ಲಿನ ಮಕ್ಕಳು ಅನ್ನದ ಜೊತೆಗೇ ಅದನ್ನು ಉಂಡಿರುತ್ತಾರೆ. ಮಾಗಡಿ, ಕನಕಪುರ, ಕೋಲಾರದ ಕೇರಿಗಳಿಂದ ಬಂದು ಹಾಸ್ಟೆಲಿನಲ್ಲೋ, ಬಿ.ಟಿ.ಎಂ. ಲೇಔಟಿನ ಒಂದು ಕೋಣೆಯಲ್ಲಿ ನಾಲ್ವರೋ ಇರುವ ನಮಗೆ ಆ ಊಟ ಇಲ್ಲ. 'ಇನ್ನೂ ಎಷ್ಟನೇ ಕ್ಲಾಸು ಮಗಾ?' ಅಂತ ಕೇಳುವ ನಮ್ಮವ್ವಂದಿರಿಗೆ ಪ್ರಬಂಧ ಅಂದರೇನೆಂದು ಹೇಳುವುದೇ ಒಂದು ಪ್ರಬಂಧ. ನಮಗಿರುವುದು ಜೆರಾಕ್ಸ್ ನೋಟ್ಸು, ಯೂಟ್ಯೂಬು. ಇವೂ ಮಣ್ಣಿನ ಗುರುಗಳೇ. ಎದುರಿಗೆ ಕೂತು ಕಲಿಯಬಹುದು. ನಮ್ಮ ಪುಟವನ್ನು ಅವು ಓದುವುದಿಲ್ಲ.

ಹೀಗಾಗಿ ನಮಗೆ ಗೈಡ್ ಎಂಬುವರು ಹಲವು ಬಾಗಿಲುಗಳಲ್ಲಿ ಒಂದಲ್ಲ, ಇರುವುದೇ ಒಂದು ಬಾಗಿಲು. ಆ ಬಾಗಿಲು ಎಷ್ಟು ಕಿರಿದು ನೋಡಿ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಒಂದು ಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರಿಗೆ ಮಾತ್ರ ಮಾರ್ಗದರ್ಶಕರಾಗಬಹುದು. ಪ್ರವೇಶ ಪರೀಕ್ಷೆಗೆ 70ರ ತೂಕ, ಸಂದರ್ಶನಕ್ಕೆ 30. ಪರೀಕ್ಷೆಯ ಹಾಳೆಗೆ ಮುಖವಿಲ್ಲ; ಸಂದರ್ಶನಕ್ಕೆ ಮುಖವುಂಟು, ಅಡ್ಡಹೆಸರುಂಟು, ಊರುಂಟು. ಒಳಗೆ ಹೋದ ಮೇಲೆ ಪ್ರಗತಿ ವರದಿಗೆ ಗೈಡರ ರುಜು ಬೇಕು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ನಮ್ಮನ್ನು ಬಿಟ್ಟುಹೋದಾಗ ಅವನಿಗೆ 7 ತಿಂಗಳ ಫೆಲೋಶಿಪ್ ಹಣ ಬರಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಕಾಗದಕ್ಕೂ ಜೀವಕ್ಕೂ ಇರುವ ಅಂತರ ಅಷ್ಟೇ.

ಇಲ್ಲಿ ಒಂದು ಮಾತು ಖಚಿತವಾಗಬೇಕು. ಮಾರ್ಗದರ್ಶನ ಗುರುಕೃಪೆಯಲ್ಲ. ಅದು ಜನರ ತೆರಿಗೆಯಿಂದ ಸಂಬಳ ಪಡೆಯುವವರ ಕೆಲಸ. ನಮ್ಮ ಅಪ್ಪಂದಿರ ಕೂಲಿಯ ಬೆವರೂ ಆ ಸಂಬಳದಲ್ಲಿದೆ. ಆದ್ದರಿಂದ ಅದು ನಮ್ಮ ಪಾಲು. ಪಾಲು ಕೇಳುವವನು ಕಾಲಿಗೆ ಬೀಳಬೇಕಿಲ್ಲ.

ಇಷ್ಟು ಹೇಳುವುದು ಸುಲಭ. ಕಷ್ಟದ ಪ್ರಶ್ನೆ ಮುಂದಿದೆ. ನಮ್ಮ ಪುಟದ ಮೇಲೆ ಕೆಂಪು ಶಾಯಿ ಬಿದ್ದಾಗ ಅದು ವಿದ್ಯೆಯೋ ಜಾತಿಯೋ? ಬನಶಂಕರಿಯಲ್ಲಿ ರೂಮು ಕೇಳಲು ಹೋದರೆ 'ನೀವು ಯಾವ ಜನ?' ಅನ್ನುತ್ತಾರೆ. ಆ ದನಿ ಕೇಳಿ ಕೇಳಿ ನಮ್ಮ ಕಿವಿ ಹುಣ್ಣಾಗಿದೆ. ಹುಣ್ಣಿಗೆ ಔಷಧಿ ತಾಗಿದರೂ ಉರಿ, ಉಪ್ಪು ತಾಗಿದರೂ ಉರಿ. 'ಹಕ್ಕಿ'ಯನ್ನು 'ಅಕ್ಕಿ' ಎಂದವನನ್ನು ತರಗತಿಯ ಮುಂದೆ ನಿಲ್ಲಿಸಿ 'ಅಕಾರ ಹಕಾರ ಬರದವರೂ ಎಂ.ಎ.ಗೆ ಬರ್ತಾರಪ್ಪ' ಎಂದು ನಗಿಸುವ ಮೇಷ್ಟ್ರು ತಿದ್ದುತ್ತಿಲ್ಲ, ತುಳಿಯುತ್ತಿದ್ದಾರೆ. ಅದನ್ನು ಗುರುತಿಸಲು ನಮಗೆ ಪುಸ್ತಕ ಬೇಕಿಲ್ಲ.

ಗುರುತಿಸಲು ಕಷ್ಟವಾದದ್ದು ಇನ್ನೊಂದು ಬಗೆ. ಅವರು ಪ್ರಗತಿಪರರು. ನಮ್ಮ ಹೆಗಲ ಮೇಲೆ ಕೈ ಹಾಕುತ್ತಾರೆ, ಕಾಫಿ ಕುಡಿಸುತ್ತಾರೆ. ಅಧ್ಯಾಯ ಕೊಟ್ಟರೆ ಮೂರು ದಿನದಲ್ಲಿ 'ಚೆನ್ನಾಗಿದೆ' ಎಂದು ವಾಪಸು ಬರುತ್ತದೆ, ಒಂದು ಗೀಟೂ ಇಲ್ಲದೆ. 'ನಿಮಗೆ ಇಷ್ಟು ಸಾಕು ಬಿಡಿ' ಅನ್ನುತ್ತಾರೆ. ಛಂದಸ್ಸು, ಶಾಸನ ಅಂದರೆ 'ಅದೆಲ್ಲ ಯಾಕೆ, ದಲಿತ ಕಾವ್ಯ ತಗೊಳ್ಳಿ, ನಿಮಗೆ ಸುಲಭ' ಅನ್ನುತ್ತಾರೆ. ದಲಿತ ಕಾವ್ಯ ಸುಲಭ ಎಂದವರು ಯಾರು? ಶಾಸನ ನಮ್ಮದಲ್ಲ ಎಂದವರು ಯಾರು? ಈ ಕನಿಕರವನ್ನು ನಾವು ಸ್ನೇಹವೆಂದು ತಿಳಿಯಬಾರದು. ತಿದ್ದದೆ ಬಿಡುವುದೂ ಮುಟ್ಟದೆ ಬಿಡುವುದೇ. ಹಿಂದೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು, ಈಗ ಮಾರ್ಕ್ಸನ್ನು ಮೇಲಿನಿಂದ ಹೊಯ್ಯುತ್ತಾರೆ.

ಹಾಗಾದರೆ ನಿಜವಾದ ಗುರುವನ್ನು ಅಳೆಯುವುದು ಹೇಗೆ? ನಾವು ಕಂಡುಕೊಂಡ ಅಳತೆ ಮೂರು. ಅವರು ನಮ್ಮ ಸಾಲನ್ನು ತಿದ್ದುತ್ತಾರೋ, ಕುಲವನ್ನು ಕೆದಕುತ್ತಾರೋ? ತಪ್ಪು ತೋರಿಸಿದ ಮೇಲೆ ಸರಿಯಾದ ದಾರಿಯನ್ನೂ ತೋರಿಸುತ್ತಾರೋ? ನಾವು ಅವರ ತಪ್ಪು ತೋರಿಸಿದರೆ ಸಹಿಸುತ್ತಾರೋ? ಮೂರನೆಯದೇ ದೊಡ್ಡದು. ದ್ರೋಣ ಸೋತದ್ದು ಅಲ್ಲಿಯೇ; ತನ್ನ ಶಿಷ್ಯನನ್ನು ಮೀರಿಸುವ ಬಾಣವನ್ನು ಅವನು ತಾಳಲಾರದೆ ಹೋದ.

ತಾಳಿಕೊಂಡವರೂ ಇದ್ದಾರೆ. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿ ಸೆಲಿಗ್ಮನ್, ಜಾನ್ ಡ್ಯೂಯಿ ಪಾಠ ಹೇಳುತ್ತಿದ್ದರು. 1936ರ 'ಜಾತಿ ವಿನಾಶ'ದಲ್ಲಿ ಡ್ಯೂಯಿ ತನ್ನ ಗುರು ಎಂದು ಬಾಬಾಸಾಹೇಬರು ಋಣ ಒಪ್ಪಿಕೊಂಡರು. ಆದರೆ ಗುರುವಿನ ಮಾತನ್ನು ಗಿಣಿಯಂತೆ ಒಪ್ಪಿಸಲಿಲ್ಲ. ಅಮೆರಿಕದಲ್ಲಿ ಕಲಿತ ವಿಚಾರವನ್ನು ತಂದು ಇಲ್ಲಿನ ಶಾಸ್ತ್ರಗಳ ಬುಡಕ್ಕೆ ಇಟ್ಟರು. ಋಣವೂ ಉಳಿಯಿತು, ಹೆಬ್ಬೆರಳೂ ಉಳಿಯಿತು.

ನಮ್ಮ ಬೆಂಗಳೂರಿನಲ್ಲೇ ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಿಂದ ಬಂದ ಎಚ್.ನರಸಿಂಹಯ್ಯನವರು 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಜಯನಗರದ ಪಕ್ಕದ ಬಸವನಗುಡಿಯಲ್ಲಿ ಅವರ ಬಾಳು ಕಳೆದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ. ಕೇಳದೆ ಏನನ್ನೂ ಒಪ್ಪಬೇಡಿ ಎಂಬುದೇ ಅವರ ಪಾಠ. ಬನಶಂಕರಿಯಲ್ಲಿ ಮನೆ ಮಾಡಿದ್ದ ಜಿ.ಎಸ್.ಶಿವರುದ್ರಪ್ಪನವರು ಅದೇ ವಿಶ್ವವಿದ್ಯಾಲಯದ ಕನ್ನಡ ವಿಭಾಗ ನಡೆಸುತ್ತಿದ್ದಾಗ ಸಿದ್ಧಲಿಂಗಯ್ಯ ಅಲ್ಲಿ ವಿದ್ಯಾರ್ಥಿ. ಮೇಷ್ಟ್ರ ಕಾವ್ಯದ ದಾರಿ ಸಮನ್ವಯದ್ದು. 1975ರಲ್ಲಿ ಬಂದ 'ಹೊಲೆಮಾದಿಗರ ಹಾಡು' ಸಿಟ್ಟಿನದ್ದು. ದಾರಿ ಬೇರೆಯಾದರೂ ಬಾಗಿಲು ಮುಚ್ಚಲಿಲ್ಲ. ಆ ವಿದ್ಯಾರ್ಥಿ ಮುಂದೆ ಅಲ್ಲೇ ಪ್ರಾಧ್ಯಾಪಕರಾದರು. ಸಿದ್ಧಲಿಂಗಯ್ಯನವರಿಗೆ ಗುರುಗಳಷ್ಟೇ ಮುಖ್ಯವಾದದ್ದು ಡಿ.ಆರ್.ನಾಗರಾಜರಂಥ ಗೆಳೆಯರ ಜೊತೆಗಿನ ಜಗಳ, ಮಾತು. ಗೆಳೆಯನೂ ತಿದ್ದಬಲ್ಲ.

ಆದ್ದರಿಂದ ಒಬ್ಬನೇ ಮಹಾಗುರುವಿಗಾಗಿ ಕಾಯುವುದು ಬೇಡ. ಒಬ್ಬರಿಂದ ವಿಷಯ, ಒಬ್ಬರಿಂದ ಭಾಷೆ, ಲೈಬ್ರರಿಯವರಿಂದ ಪುಸ್ತಕದ ದಾರಿ, ಸೀನಿಯರ್ ಅಣ್ಣ ಅಕ್ಕಂದಿರಿಂದ ಅರ್ಜಿಯ ಗುಟ್ಟು, ಹೀಗೆ ಬಿಡಿಬಿಡಿಯಾಗಿ ಪಡೆಯೋಣ. ನಮ್ಮ ಅಕ್ಕತಂಗಿಯರಿಗೆ ಇದು ಇನ್ನೂ ಅಗತ್ಯ. ಗೈಡರ ಕೋಣೆಯ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಅವರಿಗೆ ಬೇರೆಯೇ ಪ್ರಶ್ನೆ. ಹಲವರ ಬೆಂಬಲವಿದ್ದವಳು ಒಬ್ಬನ ರುಜುವಿಗೆ ಹೆದರಬೇಕಾಗಿಲ್ಲ.

ಗುರುದಕ್ಷಿಣೆಯ ಮಾತೂ ಉಳಿದಿದೆ. ನಮಗೆ ಸಿಕ್ಕಿದ್ದಕ್ಕೆ ಋಣವಿಲ್ಲವೇ? ಇದೆ. ಅದನ್ನು ಮೇಲಕ್ಕೆ ಸಲ್ಲಿಸಬೇಕಿಲ್ಲ, ಹಿಂದಕ್ಕೆ ಸಲ್ಲಿಸಬೇಕು, ನಮ್ಮ ಹಿಂದೆ ಬರುತ್ತಿರುವವರಿಗೆ. ಭಾನುವಾರ ಹಾಸ್ಟೆಲಿನಲ್ಲಿ ನಾಲ್ವರು ಕೂತು ಕಿರಿಯರ ಪುಟ ಓದಿದರೆ ಅದೇ ದಕ್ಷಿಣೆ. ಹಳ್ಳಿಯ ಶಾಲೆಯ ಮೇಷ್ಟ್ರೇ, ಮೇಡಂ, ನಿಮ್ಮಲ್ಲೂ ಇದೇ ಕೇಳಿಕೆ. ಕೇರಿಯ ಮಗು ಬರೆದ ಹಾಳೆಗೆ ಬರೀ ರುಜು ಹಾಕಿ ಕಳಿಸಬೇಡಿ. ನಗದೆ, ಮರುಗದೆ, ಪ್ರತಿ ಸಾಲೂ ಓದಿ. ತಪ್ಪಿದ್ದಲ್ಲಿ ಗೀಟು ಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ.