ಕೃಷ್ಣಮೃಗ ಓಡಾಡುವ ನೆಲ

ಉಪನಯನದ ಸಾಮಾನಿನ ಪಟ್ಟಿಯಲ್ಲಿ ಮೂವತ್ತು ವರ್ಷ ನಾನು ತಪ್ಪದೆ ಬರೆದ ಒಂದು ಸಾಲಿದೆ: ‘ಕೃಷ್ಣಾಜಿನ, ಒಂದು ತುಂಡು.’ ಗ್ರಂಧಿಗೆ ಅಂಗಡಿಯಲ್ಲಿ ದರ್ಭೆ, ಸಮಿತ್ತು, ಮುತ್ತುಗದ ಕೋಲು ಎಲ್ಲವನ್ನೂ ಎದುರಿಗೇ ಕಟ್ಟಿಕೊಡುತ್ತಿದ್ದರು. ಇದೊಂದು ಮಾತ್ರ ಗಲ್ಲಾಪೆಟ್ಟಿಗೆಯ ಕೆಳಗಿನಿಂದ, ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿತ್ತು. ಬೆರಳಗಲದ ಕೃಷ್ಣಮೃಗದ ಚರ್ಮ. ಅದನ್ನು ವಟುವಿನ ಜನಿವಾರಕ್ಕೆ ಕಟ್ಟಿ ಮಂತ್ರ ಹೇಳುತ್ತಿದ್ದೆ. ಅದು ಏಕೆ ಕೆಳಗಿನಿಂದ ಬರುತ್ತದೆಂದು ನನಗೆ ಗೊತ್ತಿತ್ತು. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ಗೊತ್ತಿದ್ದೂ ಕಟ್ಟುತ್ತಿದ್ದೆ.

ಕೈ ತಡೆದದ್ದು 2024ರಲ್ಲಿ. ಮನೆಯಲ್ಲಿರುವ ವನ್ಯಜೀವಿ ವಸ್ತುಗಳನ್ನು ಒಪ್ಪಿಸಲು ಸರ್ಕಾರ ಕಾಲಾವಕಾಶ ಕೊಟ್ಟಾಗ ಅಟ್ಟದ ಟ್ರಂಕಿನಿಂದ ಅಪ್ಪನ ಜಪದ ಆಸನ ಇಳಿಸಿದೆ. ಇಡೀ ಚರ್ಮ. ಬೆನ್ನು ಕಪ್ಪು, ಹೊಟ್ಟೆಯ ಅಂಚು ಬಿಳಿ. ಭುಜದ ಹಿಂದೆ ಕಪ್ಪು ದಾರದಲ್ಲಿ ಒತ್ತೊತ್ತಾಗಿ ಹೊಲಿದ ಒಂದು ಗುಂಡನೆಯ ತೂತು. ಚಿಕ್ಕವನಿದ್ದಾಗ ಅದನ್ನು ಇಲಿ ಕಡಿದದ್ದೆಂದುಕೊಂಡಿದ್ದೆ. ತಾನಾಗಿ ಸತ್ತ ಮೃಗದ್ದು ಎಂದು ಅಪ್ಪ ಹೇಳುತ್ತಿದ್ದರು, ನಂಬಿಯೇ ಹೇಳುತ್ತಿದ್ದರು. ಆ ಹೊಲಿಗೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದೆ. ಗೀತೆಯ ಆರನೇ ಅಧ್ಯಾಯ ಧ್ಯಾನದ ಆಸನಕ್ಕೆ ದರ್ಭೆ, ಬಟ್ಟೆಯ ಜೊತೆ ಅಜಿನವನ್ನೂ ಹೇಳುತ್ತದೆ, ನಿಜ. ಆದರೆ ಗುಂಡು ಹೊಕ್ಕ ಜಾಗದ ಮೇಲೆ ಕೂತು ಮನಸ್ಸನ್ನು ಎಲ್ಲಿ ನಿಲ್ಲಿಸುವುದು?

ವಿಹಿತ ದ್ರವ್ಯ ಸಿಗದಿದ್ದರೆ ಪ್ರತಿನಿಧಿ ಬಳಸಬಹುದೆಂದು ಮೀಮಾಂಸೆ ಒಪ್ಪುತ್ತದೆ. ಸೋಮಲತೆ ಸಿಗದಿದ್ದರೆ ಪೂತೀಕ. ಹಾಗಾದರೆ ಚರ್ಮದ ಬದಲು ದರ್ಭೆಯ ಎಳೆ ಕಟ್ಟಿದರಾಯಿತು ಎಂದುಕೊಂಡೆ. ಆಗ ಅಡ್ಡ ಬಂದವನು ಕವಿ ಜನ್ನ. ‘ಯಶೋಧರ ಚರಿತೆ’ಯಲ್ಲಿ ರಾಜ ತಾಯಿಯ ಒತ್ತಾಯಕ್ಕೆ ಮಣಿದು ನಿಜದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಸಂಕಲ್ಪದ ಆ ಹಿಂಸೆಗೇ ಮಗ ನವಿಲಾಗಿ, ತಾಯಿ ನಾಯಾಗಿ ಹುಟ್ಟಿ, ಜನ್ಮಜನ್ಮಗಳಲ್ಲಿ ಸಾಯುತ್ತಾರೆ. ಪ್ರತಿನಿಧಿ ಅವರನ್ನು ಉಳಿಸಲಿಲ್ಲ. ಎಂದಮೇಲೆ ನನ್ನ ದರ್ಭೆ?

ಇದಕ್ಕೆ ಉತ್ತರ ಹುಡುಕಲು ನನಗೆ ದಿನಗಳೇ ಹಿಡಿದವು. ಹಿಟ್ಟಿನಲ್ಲಿ ಕೋಳಿಯ ರೂಪವನ್ನು ತಿದ್ದಿದ್ದೇ ಕತ್ತಿ ಬೀಸುವುದಕ್ಕೆ. ಕೊಲ್ಲುವ ಆಸೆ ಹಾಗೇ ಉಳಿದಿತ್ತು, ಕೋಳಿ ಮಾತ್ರ ಬದಲಾಗಿತ್ತು. ದನದ ಕೊಂಬು ಕೆತ್ತಿ ಹುಲಿಯುಗುರೆಂದು ಕೊರಳಿಗೆ ಹಾಕಿಕೊಳ್ಳುವುದೂ ಹಿಟ್ಟಿನ ಕೋಳಿಯೇ. ನಕಲಿಯನ್ನು ಮೆರೆಸಿದಷ್ಟೂ ಅಸಲಿಗೆ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಕಾಡಿನಲ್ಲಿ ಉರುಳು ಹೆಚ್ಚುತ್ತದೆ. ಅದಕ್ಕೇ ಕೃಷ್ಣಾಜಿನದಂತೆ ಕಾಣುವ ಕರಿ ಮೇಕೆಯ ಚರ್ಮವನ್ನೂ ನಾನು ಒಲ್ಲೆ. ದರ್ಭೆ ಯಾವ ಮೃಗದ ಹಾಗೂ ಕಾಣುವುದಿಲ್ಲ.

ಇನ್ನೊಂದು ಮಾತು ಮನುಸ್ಮೃತಿಯ ಎರಡನೇ ಅಧ್ಯಾಯದ್ದು. ಆ ಗ್ರಂಥದಲ್ಲಿ ನಾನು ಒಪ್ಪದ್ದು ಬಹಳವಿದೆ, ಆದರೆ ಇದನ್ನು ಬಿಡಲಾರೆ: ಕೃಷ್ಣಮೃಗ ಎಲ್ಲಿ ಸಹಜವಾಗಿ ಓಡಾಡಿಕೊಂಡಿರುತ್ತದೋ ಆ ನೆಲ ಯಜ್ಞಕ್ಕೆ ಯೋಗ್ಯ. ಅಂದರೆ ನಮ್ಮ ಕರ್ಮಕ್ಕೆ ಅಧಿಕಾರ ಕೊಡುವುದು ಓಡಾಡುವ ಮೃಗ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಬೆಳಗಿನ ಹೊತ್ತು ನಿಂತು ನೋಡಿ. ಬೈಕ್ ಸದ್ದಿಗೆ ಒಂದು ಹೆಣ್ಣು ಮೇಲಕ್ಕೆ ಚಿಮ್ಮುತ್ತದೆ, ಹಿಂದೆಯೇ ಇಡೀ ಹಿಂಡು ಚಿಮ್ಮಿ ಓಡುತ್ತದೆ. ಸುರುಳಿಕೊಂಬಿನ ಕರಿಗಂಡು ಮಾತ್ರ ಕತ್ತೆತ್ತಿ ನಿಂತೇ ಇರುತ್ತದೆ. ಅದರ ಚರ್ಮ ಸುಲಿದು ತಂದು, ಅದು ಓಡಾಡದ ಊರಿನ ಕಲ್ಯಾಣ ಮಂಟಪದಲ್ಲಿ ನಾನು ಯಾವ ಯಜ್ಞ ಮಾಡಿಸುತ್ತಿದ್ದೆ?

ಕಳೆದ ವೈಶಾಖದಲ್ಲಿ ಒಂದು ಮುಂಜಿ. ತಟ್ಟೆಯಲ್ಲಿ ಚರ್ಮವಿಲ್ಲದ್ದನ್ನು ಕಂಡು ಹುಡುಗನ ತಾತ ಸಿಟ್ಟಾದರು. “ನಮ್ಮ ಮನೇಲಿ ಹೀಗೆ ಆದದ್ದೇ ಇಲ್ಲ, ಶಾಸ್ತ್ರಿಗಳೇ. ಲೋಪ ಅಲ್ವೇ?”

“ಲೋಪವಿದ್ದರೆ ನನ್ನ ತಲೆಗಿರಲಿ, ರಾಯರೇ” ಎಂದು ಅಪ್ಪನ ಆಸನದ ತೂತಿನ ವಿಷಯ ಹೇಳಿದೆ. ಶಾಸ್ತ್ರ ಹೇಳಲಿಲ್ಲ.

ಅವರು ಶಲ್ಯದ ಅಂಚನ್ನು ಹಿಡಿದುಕೊಂಡು ಸುಮ್ಮನೆ ನಿಂತರು. ಒಳಗೆ ನಾದಸ್ವರ ಶುರುವಾಗಿತ್ತು, ಮುಹೂರ್ತಕ್ಕೆ ಇಪ್ಪತ್ತು ನಿಮಿಷವಿತ್ತು.

“ದರ್ಭೆ ಎಷ್ಟು ಎಳೆ ಬೇಕು?” ಎಂದು ಕೇಳಿ, ಕಟ್ಟು ಬಿಚ್ಚಲು ಕೂತರು.