ಇತ್ಯರ್ಥವಾಗದ ಲೆಕ್ಕ

ಪರರ ಒಡವೆಯು ನಮ್ಮ ಕೈಗೆ ಬಂದರೆ ಅದನ್ನು ಹಿಂದಿರುಗಿಸಬೇಕೆಂಬುದು ಎಲ್ಲರೂ ಒಪ್ಪತಕ್ಕ ಮಾತು. ನಮ್ಮ ಒಡವೆಯು ಪರರ ಕೈಸೇರಿದರೆ ಅದನ್ನು ಕೇಳಿ ಪಡೆಯಬಹುದೆಂಬುದೂ ಅಷ್ಟೇ ಸ್ಪಷ್ಟವಾದುದು. ಆದರೆ ಹಣವು ನಮ್ಮ ಕೈಯನ್ನು ಪೂರ್ತಿಯಾಗಿ ಬಿಟ್ಟೂ ಇಲ್ಲ, ಅವರ ಕೈಯನ್ನು ಸೇರಿಯೂ ಇಲ್ಲ ಎಂಬಂತಹ ನಡುವಣ ಸ್ಥಿತಿಯೊಂದು ಈ ಕಾಲದಲ್ಲಿ ಹುಟ್ಟಿಕೊಂಡಿದೆ. ಅಂತಹ ಸಮಯದಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿಚಾರಿಸುವ ಪ್ರಸಂಗವು ನನಗೆ ಸ್ವಂತ ಅನುಭವದಿಂದಲೇ ಒದಗಿತು.

ಕ್ರೆಡಿಟ್ ಕಾರ್ಡನ್ನು ಅಂಗಡಿಯ ಯಂತ್ರಕ್ಕೆ ಒಡ್ಡಿದೊಡನೆ ಹಣವು ವರ್ತಕನಿಗೆ ಸಂದುಹೋಯಿತೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಆ ಕ್ಷಣದಲ್ಲಿ ದೊರೆಯುವುದು ಒಪ್ಪಿಗೆ ಮಾತ್ರ. ಇಷ್ಟು ಮೊತ್ತಕ್ಕೆ ಅನುಮತಿಯುಂಟೇ ಎಂದು ವರ್ತಕನ ಬ್ಯಾಂಕು ನಮಗೆ ಕಾರ್ಡು ಕೊಟ್ಟ ಬ್ಯಾಂಕನ್ನು ಕೇಳುತ್ತದೆ. ಈ ಬ್ಯಾಂಕು ಒಪ್ಪಿ, ನಮ್ಮ ಸಾಲದ ಮಿತಿಯಲ್ಲಿ ಅಷ್ಟನ್ನು ತಡೆಹಿಡಿದಿಡುತ್ತದೆ. ಬಳಿಕ ವರ್ತಕನು ತನ್ನ ಲೆಕ್ಕವನ್ನು ಒಪ್ಪಿಸಿದಾಗಲೇ ಆ ಮೊತ್ತವು ನಮ್ಮ ಖಾತೆಗೆ ಏರುವುದು. ಅಲ್ಲಿಯವರೆಗೆ ಅದನ್ನು ‘ಪೆಂಡಿಂಗ್’ ಎಂದು ತೋರಿಸುತ್ತಾರೆ. ವರ್ತಕನು ಲೆಕ್ಕವನ್ನು ಒಪ್ಪಿಸದಿದ್ದರೆ ಕೆಲವು ದಿನಗಳ ಮೇಲೆ ತಡೆಯು ತಾನಾಗಿಯೇ ಬಿಟ್ಟುಹೋಗುತ್ತದೆ.

ಬಂಧುವೊಬ್ಬರ ಕಣ್ಣಿನ ಚಿಕಿತ್ಸೆಗೆಂದು ನಾನು ಪರಸ್ಥಳಕ್ಕೆ ಹೋಗಿ ಎರಡು ದಿನ ಒಂದು ವಸತಿಗೃಹದಲ್ಲಿ ತಂಗಿದ್ದೆನು. ಹೊರಡುವಾಗ 4,200 ರೂಪಾಯಿಗಳ ಬಿಲ್ಲಾಯಿತು. ಗುಮಾಸ್ತನು ಎಳೆಯ ಹುಡುಗ. ಯಂತ್ರವು ಕೆಲಸ ಮಾಡಲಿಲ್ಲವೆಂದು ಕಾರ್ಡನ್ನು ಎರಡನೆಯ ಬಾರಿ ಒಡ್ಡಿಸಿಕೊಂಡನು. ಬಸ್ಸಿನಲ್ಲಿ ಕುಳಿತು ಮೊಬೈಲನ್ನು ನೋಡಿದರೆ ಅದೇ ಮೊತ್ತ ಎರಡು ಸಲ ನಿಂತಿದೆ. ಬ್ಯಾಂಕಿಗೆ ಫೋನು ಮಾಡಿದೆನು. ಪೆಂಡಿಂಗ್ ಇರುವವರೆಗೆ ತಕರಾರು ದಾಖಲಿಸಲು ಬರುವುದಿಲ್ಲ, ಈಗ ಅದನ್ನು ರದ್ದುಗೊಳಿಸಬಲ್ಲವರು ವಸತಿಗೃಹದವರೇ ಎಂದು ಅವರು ತಿಳಿಸಿದರು. ಆ ಹುಡುಗನನ್ನು ಕೇಳಿದರೆ, “ಅದು ತಾನೇ ಹೋಗುತ್ತದೆ ಸಾರ್” ಎಂದನು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಕಳ್ಳನೆಂಬ ಮಾತನ್ನೂ ಆಡಿದೆನು. ಅವನು ಮರುಮಾತನಾಡದೆ ಕೇಳಿಕೊಂಡನು.

ಇಲ್ಲಿ ನಿಂತು ವಿವೇಚಿಸಬೇಕಾಗಿದೆ. ನಮಗೆ ಬೇಡವಾದ ಲೆಕ್ಕಗಳೆಲ್ಲವೂ ಒಂದೇ ಜಾತಿಯವಲ್ಲ. ಕೆಲವು ಕಳ್ಳತನದಿಂದ ಬಂದವು. ಅವುಗಳಲ್ಲಿ ನಮ್ಮ ಸಮ್ಮತಿಯೇ ಇರುವುದಿಲ್ಲ. ಕೆಲವು ಪ್ರಮಾದದಿಂದ ಬಂದವು. ಸಮ್ಮತಿಯು ಒಂದಕ್ಕಿದ್ದು ಲೆಕ್ಕವು ಎರಡಾಗಿರುತ್ತದೆ. ಇನ್ನು ಕೆಲವನ್ನು ನಾವೇ ಒಪ್ಪಿಕೊಂಡು ಆಮೇಲೆ ಪಶ್ಚಾತ್ತಾಪಪಡುತ್ತೇವೆ. ಉಚಿತವೆಂದು ತಿಂಗಳ ಚಂದಾಕ್ಕೆ ಸೇರಿ, ಬಿಡುವುದನ್ನು ಮರೆತು, ಹಣ ಹೋದಾಗ ‘ನಾನು ಕೊಟ್ಟೇ ಇಲ್ಲ’ ಎಂದು ಬ್ಯಾಂಕಿಗೆ ಬರೆಯುವವರಿದ್ದಾರೆ. ಪದಾರ್ಥವನ್ನು ತರಿಸಿ ಉಪಯೋಗಿಸಿಯೂ ಬರಲಿಲ್ಲವೆನ್ನುವವರೂ ಇದ್ದಾರೆ. ಇವರ ತಕರಾರಿಗೂ ಮೋಸಹೋದವನ ತಕರಾರಿಗೂ ಬರವಣಿಗೆಯಲ್ಲಿ ವ್ಯತ್ಯಾಸ ಕಾಣದು. ವ್ಯತ್ಯಾಸವನ್ನು ಬಲ್ಲವನು ಬರೆದವನೊಬ್ಬನೇ.

ಮೊದಲನೆಯ ಬಗೆಯಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ನಾವು ಮಾಡದ ವ್ಯವಹಾರವು ಪೆಂಡಿಂಗ್ ಎಂದು ಕಂಡರೂ ಕಾಯದೆ ಕೂಡಲೇ ಕಾರ್ಡನ್ನು ನಿಲ್ಲಿಸಿ ಬ್ಯಾಂಕಿಗೆ ತಿಳಿಸಬೇಕು. 1930 ಎಂಬ ಸಹಾಯವಾಣಿಗೂ ದೂರು ಕೊಡಬೇಕು. 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ಗಿರಾಕಿಯದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಅನ್ಯರಿಂದ ನಡೆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗಿರಾಕಿಗೆ ನಷ್ಟದ ಹೊಣೆಯಿಲ್ಲವೆಂದು ವಿಧಿಸಿತು. ಗಿರಾಕಿಯೇ ಹೊಣೆಯೆಂದು ಸಾಧಿಸುವ ಭಾರವನ್ನೂ ಬ್ಯಾಂಕಿನ ಮೇಲೆಯೇ ಹೊರಿಸಿತು. ಗುಪ್ತ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿ ಮೋಸಹೋದ ಹಿರಿಯರು ನಾಚಿಕೆಯಿಂದ ಮಕ್ಕಳಿಗೂ ತಿಳಿಸದೆ ನುಂಗಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಅಂತಹ ನಷ್ಟದ ಹೊಣೆಯು ಗಿರಾಕಿಯ ಮೇಲೆಯೇ ಬರಬಹುದಾದರೂ, ಬ್ಯಾಂಕಿಗೆ ತಿಳಿಸಿದ ಬಳಿಕ ಆಗುವ ನಷ್ಟವು ಅವನದಲ್ಲವೆಂದು ಅದೇ ಸುತ್ತೋಲೆಯು ಹೇಳಿತು. ಆದುದರಿಂದ ಮೌನವು ಇಲ್ಲಿ ವಿನಯವಲ್ಲ. ಅದು ಕಳ್ಳನಿಗೆ ಕೊಟ್ಟ ಕಾಲಾವಕಾಶ.

ಎರಡನೆಯ ಬಗೆಯಲ್ಲಿ ಮೊದಲು ವರ್ತಕನನ್ನು ಕೇಳುವುದು ಯುಕ್ತ. ರಸೀತಿಯನ್ನು ಇಟ್ಟುಕೊಂಡು, ದಿನಾಂಕವನ್ನು ಬರೆದುಕೊಂಡು, ಶಾಂತವಾಗಿ ಕಾಯಬೇಕು. ಮೊತ್ತವು ಖಾತೆಗೆ ಏರಿಯೇಬಿಟ್ಟರೆ ಆಗ ಬ್ಯಾಂಕಿನಲ್ಲಿ ತಕರಾರು ಹೂಡಬೇಕು. ಮೂವತ್ತು ದಿನಗಳಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಲ್ಲಿಗೆ ಹೋಗಬಹುದು. ಮೂರನೆಯ ಬಗೆಯಲ್ಲಿ ಮಾಡತಕ್ಕುದು, ಕೊಡಬೇಕಾದುದನ್ನು ಕೊಟ್ಟು ಚಂದಾವನ್ನು ನಿಲ್ಲಿಸಿ, ಹಣ ಮರಳಿಸುವ ಮನಸ್ಸಿದೆಯೇ ಎಂದು ವರ್ತಕನನ್ನು ನೇರವಾಗಿ ಕೇಳುವುದಷ್ಟೆ.

ನನ್ನ ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಮೂರನೆಯ ದಿನ ಎರಡನೆಯ ಮೊತ್ತವೂ ಖಾತೆಗೆ ಏರಿತು. ನಾನು ತಕರಾರು ಹೂಡಿದೆನು. ಬ್ಯಾಂಕಿನವರು ವಿಚಾರಣೆ ಮುಗಿಯುವವರೆಗೆಂದು 4,200 ರೂಪಾಯಿಗಳನ್ನು ತಾತ್ಕಾಲಿಕವಾಗಿ ಜಮೆ ಮಾಡಿದರು. ವಾರ ಕಳೆಯುವಷ್ಟರಲ್ಲಿ ವಸತಿಗೃಹದವರೂ ತಮ್ಮ ಲೆಕ್ಕದಲ್ಲಿ ತಪ್ಪನ್ನು ಕಂಡುಕೊಂಡು ಇನ್ನೊಂದು 4,200 ರೂಪಾಯಿಗಳನ್ನು ಹಿಂದಿರುಗಿಸಿದರು. ಎರಡು ದಿನ ಉಂಡು ಮಲಗಿದುದಕ್ಕೆ ನಾನು ಒಂದು ಕಾಸನ್ನೂ ಕೊಡದಂತಾಯಿತು.

ಅಂದಿನ ರಾತ್ರಿ ನನ್ನ ಮನಸ್ಸು ನನ್ನ ಪರವಾಗಿ ವಾದಿಸತೊಡಗಿತು. ಬ್ಯಾಂಕು ದೊಡ್ಡದು, ಅದಕ್ಕೆ ಇದು ಲೆಕ್ಕವೇ? ಹಿಂದೊಮ್ಮೆ ಒಂದು ದಿನ ತಡವಾದುದಕ್ಕೆ ನನ್ನಿಂದ ದಂಡ ಕಟ್ಟಿಸಿಕೊಂಡಿದ್ದರಲ್ಲವೇ? ನಾನೇನೂ ಸುಳ್ಳು ಹೇಳಿಲ್ಲ, ಸುಮ್ಮನಿದ್ದರೆ ಸಾಕಾಗಿದೆ. ಈ ವಾದಗಳು ಎಷ್ಟು ಹಿತವಾಗಿದ್ದುವೆಂದರೆ ಅವುಗಳ ಹಿತವೇ ನನಗೆ ಭಯವನ್ನು ಹುಟ್ಟಿಸಿತು. ತಕರಾರು ಗೆದ್ದರೆ ಆ ಹಣವನ್ನು ಬ್ಯಾಂಕು ತನ್ನ ಕೈಯಿಂದ ಕೊಡುವುದಿಲ್ಲ. ವರ್ತಕನ ಬ್ಯಾಂಕಿನ ಮೂಲಕ ವರ್ತಕನಿಂದಲೇ ಹಿಂದಕ್ಕೆ ಪಡೆಯುತ್ತದೆ. ವರ್ತಕನು ಆ ಕೊರತೆಯನ್ನು ಯಾರ ಸಂಬಳದಲ್ಲಿ ಹಿಡಿದಾನು? ಯಾವ ಹುಡುಗನನ್ನು ನಾನು ಕಳ್ಳನೆಂದೆನೋ ಅವನ ಕಾಯಕದ ಹಣವು ನನ್ನ ಖಾತೆಯಲ್ಲಿ ಕುಳಿತಿರಬಹುದಾಗಿತ್ತು. ಆಗ ಆ ಹೆಸರು ಯಾರಿಗೆ ಒಪ್ಪುತ್ತಿತ್ತು?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಕ್ಕೆ ಸುರಿದುಬರಲು ಕಳುಹಿಸಿದ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಮಾರಯ್ಯನವರು ಕದ್ದಿರಲಿಲ್ಲ, ಸುಳ್ಳನ್ನೂ ಹೇಳಿರಲಿಲ್ಲ. ಅಕ್ಕಿ ತಾನಾಗಿಯೇ ಹೆಚ್ಚು ದೊರೆತಿತ್ತು. ಆದರೂ ಅದು ಅಂದಿನ ಕಾಯಕಕ್ಕೆ ಸಲ್ಲತಕ್ಕುದಲ್ಲವೆಂಬುದನ್ನು ಆ ತಾಯಿ ಕಂಡರು. ನನ್ನ ಮನೆಯಲ್ಲಿಯೂ, “ಬೇರೆಯವರ ದುಡ್ಡು ನಮಗ್ಯಾಕೆ ರೀ, ನಾಳೆಯೇ ಬರೆದುಹಾಕಿ” ಎಂಬ ಮಾತು ಬಂದಿತು.

ಮರುದಿನವೇ ವಸತಿಗೃಹದವರಿಂದ ಹಣ ಬಂದಿರುವುದರಿಂದ ತಕರಾರನ್ನು ಹಿಂತೆಗೆದುಕೊಳ್ಳುತ್ತೇನೆಂದು ಬ್ಯಾಂಕಿಗೆ ಬರೆದೆನು. ಅವರು ತಾತ್ಕಾಲಿಕ ಜಮೆಯನ್ನು ತೆಗೆದುಕೊಂಡರು. ಬಳಿಕ ವಸತಿಗೃಹಕ್ಕೆ ಫೋನು ಮಾಡಿ ಆ ಹುಡುಗನನ್ನು ಕರೆಯಿಸಿದೆನು. “ತಪ್ಪಾಗಿ ಮಾತಾಡಿದೆನಪ್ಪ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ” ಎಂದೆನು. “ಪರವಾಗಿಲ್ಲ ಸಾರ್, ಲೆಕ್ಕ ಸರಿಹೋಯಿತಲ್ಲ” ಎಂದನು.

ಹಣದ ಲೆಕ್ಕವು ಸರಿಹೋದುದು ನಿಜ. ಆಡಿದ ಮಾತಿಗೆ ಮಾತ್ರ ರದ್ದತಿಯೆಂಬುದಿಲ್ಲ. ಅದು ಪೆಂಡಿಂಗ್ ಆಗಿಯೂ ನಿಲ್ಲದೆ ಆಡಿದೊಡನೆಯೇ ಎದುರಿನವನ ಖಾತೆಗೆ ಏರಿಬಿಡುತ್ತದೆ. ಆದುದರಿಂದ, ಬೇಡವಾದ ಮೊತ್ತವೊಂದು ಕಣ್ಣಿಗೆ ಬಿದ್ದಾಗ ನಮ್ಮ ಹಕ್ಕನ್ನು ಹಿಂಜರಿಯದೆ ಕೇಳೋಣ. ಕೇಳುವ ಮೊದಲು, ಇದು ನಿಜವಾಗಿ ನಮ್ಮದಲ್ಲವೇ ಎಂದು ನಮ್ಮನ್ನೇ ಪ್ರಶ್ನಿಸಿಕೊಳ್ಳೋಣ. ದೊರೆತ ಮೇಲೆ, ಸಲ್ಲತಕ್ಕುದಕ್ಕಿಂತ ಹೆಚ್ಚು ಬಂದಿದೆಯೇ ಎಂದು ಇನ್ನೊಮ್ಮೆ ಎಣಿಸಿ ನೋಡೋಣ.